ಜೀಪಿನವನ ಹೊಟ್ಟೆಯೂ ನನ್ನ ಹೆಪ್ಪಿನ ಪಾತ್ರೆಯೂ

"ಅಜ್ಜಿ, ಇದನ್ನು ನಿಮ್ಮ ಫ್ರಿಜ್ಜಲ್ಲಿ ಇಡ್ಬಹುದಾ? ಇದರೊಳಗೆ ಜೀವ ಉಂಟಂತೆ."

ಜೀಪಿನವನು ಹೀಗೆ ಹೇಳಿ ಔಷಧಿಯ ಪುಟ್ಟ ಪೆಟ್ಟಿಗೆಯೊಂದನ್ನು ನನ್ನ ಮೇಜಿನ ಮೇಲಿಟ್ಟ. ಮಧ್ಯಾಹ್ನದ ಊಟಕ್ಕೆ ಜನ ಇನ್ನೂ ಬಂದಿರಲಿಲ್ಲ. ನಾನು ಪೆಟ್ಟಿಗೆಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ ನೋಡಿದೆ.

"ಜೀವ ಇದ್ರೆ ಚಳಿಗೆ ಸಾಯುದಿಲ್ವಾ ಮಾರಾಯ?"

"ಸೆಕೆಗೆ ಸಾಯುದಂತೆ. ಚಳಿಗೆ ಮಲಗ್ತವಂತೆ. ಜೀಪಲ್ಲಿಟ್ರೆ ಮೊದಲನೇ ಟ್ರಿಪ್ಪಿಗೇ ಎಲ್ಲ ತೀರಿಹೋಗ್ತವೆ. ಮಧ್ಯಾಹ್ನ ಹೇಗೂ ಇಲ್ಲೇ ಊಟ ಅಲ್ವಾ, ಆಗ ತಿಂತೇನೆ."

"ಎಂತ ಜೀವ ಅದು?"

"ಬ್ಯಾಕ್ಟೀರಿಯಾ."

ನಾನು ಅವನ ಮುಖ ನೋಡಿದೆ. ಕಡಬದ ಜೀಪ್ ಸ್ಟ್ಯಾಂಡಿನ ಪಕ್ಕ ನನ್ನದೊಂದು ಸಣ್ಣ ಹೋಟೆಲು. ಬೆಳಗ್ಗೆ ಗಂಜಿ ಚಟ್ನಿ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಒಂದು ಸಾರು, ಒಂದು ಪಲ್ಯ, ಕೊನೆಗೆ ಮಜ್ಜಿಗೆ. ಬಟ್ಟಲು ತೊಳೆಯುವುದು, ನೀರು ಕುದಿಸುವುದು, ನೊಣ ಓಡಿಸುವುದು, ಇಷ್ಟರಲ್ಲೇ ನನ್ನ ಅರ್ಧ ಆಯುಷ್ಯ ಹೋಗಿದೆ. ಈಗ ಇವನು ಆ ಬ್ಯಾಕ್ಟೀರಿಯಾವನ್ನೇ ಪೆಟ್ಟಿಗೆಯಲ್ಲಿ ತಂದು ಫ್ರಿಜ್ಜಿನಲ್ಲಿ ಇಡಿ ಎನ್ನುತ್ತಾನೆ.

ಅವನ ಹೊಟ್ಟೆಯ ಕಥೆ ಸ್ಟ್ಯಾಂಡಿಗೆಲ್ಲ ಗೊತ್ತಿತ್ತು. ನೆಲ್ಯಾಡಿ ಕಡೆಯವನು, ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ನೆಲೆಯಾದ ಮನೆತನ. ಕಡಬದಿಂದ ಘಟ್ಟದ ಬುಡದ ಹಳ್ಳಿಗೆ ಬೇರೆಯವರ ಜೀಪು ಓಡಿಸುತ್ತಾನೆ. ಕೆಲವು ತಿಂಗಳಿಂದ ಹೊಟ್ಟೆ ನುಲಿಯುವುದು, ರಕ್ತ ಹೋಗುವುದು. ದಾರಿಯ ನಡುವೆ ಜೀಪು ನಿಲ್ಲಿಸಿ ಓಡುತ್ತಿದ್ದ. ಜನ ಒಳಗೆ ಕುಳಿತು ಕಾಯುತ್ತಿದ್ದರು. ಮೊದಲು ಮೂಲವ್ಯಾಧಿ ಎಂದು ಮದ್ದು ಮಾಡಿದ. ಆಮೇಲೆ ಉಷ್ಣ ಎಂದು ತಂಪಿನದ್ದನ್ನೆಲ್ಲ ಕುಡಿದ. ಕಡೆಗೆ ಪುತ್ತೂರಿನಲ್ಲಿ ಹೊಟ್ಟೆಯ ಡಾಕ್ಟರಮ್ಮ ಕ್ಯಾಮೆರಾದ ಕೊಳವೆ ಹಾಕಿ ನೋಡಿ, ದೊಡ್ಡ ಕರುಳಿನ ಒಳಗೋಡೆಯೆಲ್ಲ ಹುಣ್ಣಾಗಿದೆ ಎಂದರು. ಮೈಯ ಕಾವಲುಗಾರರೇ ಸ್ವಂತ ಮನೆಯನ್ನು ಕಚ್ಚುವ ಕಾಯಿಲೆಯಂತೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಪೂರ್ತಿ ಹೋಗುವುದೂ ಇಲ್ಲ. ಮಾತ್ರೆ ನುಂಗಿ ಮಲಗಿಸಿಡಬೇಕು. ಮಲಗಲಿಲ್ಲವೆಂದರೆ ಸ್ಟಿರಾಯ್ಡು, ಅದಕ್ಕೂ ಬಗ್ಗದಿದ್ದರೆ ದೊಡ್ಡ ಇಂಜೆಕ್ಷನ್ನು, ಯಾವುದೂ ಆಗದಿದ್ದರೆ ಕರುಳನ್ನೇ ಕತ್ತರಿಸಿ ತೆಗೆಯುವುದು.

ಅಷ್ಟು ದೂರದ ಮಾತು ಅವನಿಗೆ ತಟ್ಟಿರಲಿಲ್ಲ. ಹತ್ತಿರದ್ದು ತಟ್ಟಿತ್ತು. ಜೀಪಿನ ಧಣಿ ಹೇಳಿದ್ದರು, "ಹೀಗೇ ಆದ್ರೆ ನಾನು ಬೇರೆ ಡ್ರೈವರನ್ನು ನೋಡ್ಬೇಕಾಗ್ತದೆ." ಸ್ಟಿಯರಿಂಗ್ ಬಿಟ್ಟರೆ ಅವನಿಗೆ ಬೇರೆ ಕೆಲಸ ಬಾರದು.

ಡಾಕ್ಟರಮ್ಮ ಕೊಟ್ಟದ್ದು ಎರಡು ಬಗೆ. ಒಂದು, ಬೆರಳ ತುದಿಯಷ್ಟು ದಪ್ಪದ ಮಾತ್ರೆ. ಅದೇ ಮುಖ್ಯ ಮದ್ದು. ಇನ್ನೊಂದು, ಈ ಜೀವ ಇರುವ ಕ್ಯಾಪ್ಸೂಲು. ಮಾತ್ರೆಯ ಜತೆಗೆ ಒಂದು ಸಹಾಯ ಅಂತ ಹೇಳಿದ್ದರಂತೆ. ಕರುಳಿನೊಳಗೆ ಒಳ್ಳೆಯ ಬ್ಯಾಕ್ಟೀರಿಯಾಗಳು ಕಡಿಮೆಯಾಗಿವೆ, ಹೊಸಬರನ್ನು ಕಳಿಸಿ ನೋಡುವುದು.

ನಾನು ಪೆಟ್ಟಿಗೆಯನ್ನು ಫ್ರಿಜ್ಜಿನಲ್ಲಿ ಹೆಪ್ಪಿನ ಪಾತ್ರೆಯ ಪಕ್ಕದಲ್ಲಿಟ್ಟೆ. ತಪ್ಪು ಅಲ್ಲೇ ಶುರುವಾಯಿತು. ಬೇರೆ ಎಲ್ಲಿಟ್ಟಿದ್ದರೂ ನನ್ನ ತಲೆಗೆ ಆ ಯೋಚನೆ ಬರುತ್ತಿರಲಿಲ್ಲ.

ಒಂದು ದಿನ ಅವನ ಕ್ಯಾಪ್ಸೂಲು ಕೈಜಾರಿ ಬಿದ್ದು ಬಾಯಿ ಬಿಟ್ಟಿತು. ಒಳಗೆ ಬಿಳಿ ಪುಡಿ. ಮೂಸಿದೆ. ಹಳೆಯ ಹಾಲಿನ ಪುಡಿಯಂಥ ವಾಸನೆ, ಹಿಂದಿನಿಂದ ಸಣ್ಣ ಹುಳಿ. ಇದು ಹೆಪ್ಪಲ್ಲದೆ ಮತ್ತೇನು? ಹೆಪ್ಪನ್ನು ದಿನಾ ಅಂಗಡಿಯಿಂದ ತರುವ ಪೆದ್ದಿ ಯಾರಿದ್ದಾಳೆ? ಒಂದು ಸಲ ಪಕ್ಕದ ಮನೆಯಿಂದ ಒಂದು ಚಮಚ ಇಸಿದುಕೊಂಡರೆ ಆಯಿತು. ಇಂದಿನ ಮೊಸರಿನಿಂದ ನಾಳೆಯದ್ದು, ನಾಳೆಯದ್ದರಿಂದ ನಾಡಿದ್ದಿನದ್ದು. ಜೀವ ಇದೆ ಎಂದಮೇಲೆ ಮರಿ ಹಾಕದೇ ಇರುತ್ತದೆಯೇ?

"ನೋಡು ಮಾರಾಯ, ಒಂದು ಕ್ಯಾಪ್ಸೂಲಿನಲ್ಲಿ ನಿನಗೆ ತಿಂಗಳುಗಟ್ಲೆ ಮೊಸರು ಮಾಡಿ ಕೊಡ್ತೇನೆ" ಎಂದೆ.

"ಆಗ್ತದಾ ಅಜ್ಜಿ?"

"ಆಗದೆ ಎಂತ? ಹಾಲಿಗೆ ಡಾಕ್ಟ್ರ ಚೀಟಿ ಬೇಕಾ?"

ಮೊದಲ ಸಲ ಆಗಲಿಲ್ಲ. ಹಾಲು ಕುದಿಸಿ, ಆರಿಸಿ, ಪುಡಿ ಕದಡಿ ಮುಚ್ಚಿಟ್ಟೆ. ಬೆಳಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು, ಸ್ವಲ್ಪ ಹಳಸಲು ವಾಸನೆ ಮಾತ್ರ. ತಣ್ಣಗಾಯಿತೇನೋ ಎಂದು ಎರಡನೆಯ ಸಲ ಬೆರಳಿಗೆ ತಾಗುವಷ್ಟು ಬೆಚ್ಚಗೆ ಇರುವಾಗಲೇ ಹಾಕಿ, ಪಾತ್ರೆಗೆ ಗೋಣಿ ಸುತ್ತಿ ಒಲೆಯ ಕಟ್ಟೆಯ ಮೇಲಿಟ್ಟೆ. ಈ ಸಲ ಹೆಪ್ಪುಗಟ್ಟಿತು. ಆದರೆ ನಮ್ಮ ಮೊಸರಿನ ಹಾಗೆ ಗಟ್ಟಿ ಕೂರಲಿಲ್ಲ. ಸೌಟು ಎತ್ತಿದರೆ ನೂಲು ನೂಲಾಗಿ ಇಳಿಯಿತು. ಹುಳಿ ಕಡಿಮೆ. ಮೊದಲು ನಾನೇ ತಿಂದೆ. ಏನೂ ಆಗಲಿಲ್ಲ. ನನ್ನ ಹೊಟ್ಟೆ ಕಲ್ಲು ಹಾಕಿದರೂ ಅರೆಯುತ್ತದೆ, ಅದನ್ನು ಸಾಕ್ಷಿಗೆ ಕರೆಯಬಾರದಿತ್ತು. ಗಟ್ಟಿ ಬರಲಿ ಎಂದು ಮೂರನೆಯ ಸಲ ನನ್ನ ಹೋಟೆಲಿನ ಹೆಪ್ಪನ್ನೂ ಒಂದು ಚಮಚ ಸೇರಿಸಿದೆ. ಅದು ಚಂದ ಬಂತು.

ಅದರಲ್ಲೇ ಅವನಿಗೆ ದಾಳಿಂಬೆ ಚಿಗುರಿನ ತಂಬುಳಿ ಮಾಡಿದೆ. ಚಿಗುರು, ಜೀರಿಗೆ ತುಪ್ಪದಲ್ಲಿ ಹುರಿದು, ತೆಂಗಿನತುರಿಯ ಜತೆ ನುಣ್ಣಗೆ ಅರೆದು, ಮಜ್ಜಿಗೆಯಲ್ಲಿ ಕಲಸುವುದು. ತಂಬುಳಿಯನ್ನು ಕುದಿಸುವ ಕ್ರಮ ಇಲ್ಲ. ಕುದಿಸಿದರೆ ಜೀವ ಹೋಗುತ್ತದೆ ಎಂದು ಇವನೇ ಹೇಳಿದ್ದರಿಂದ ಅದು ನನಗೆ ಇನ್ನೂ ಸರಿ ಎನಿಸಿತು.

ಅವನಿಗೆ ಕಡಿಮೆಯಾಯಿತು. ಇದು ಸುಳ್ಳಲ್ಲ. ರಕ್ತ ನಿಂತಿತು, ಮುಖಕ್ಕೆ ಬಣ್ಣ ಬಂತು, ಟ್ರಿಪ್ಪು ನಡುವೆ ನಿಲ್ಲುವುದು ತಪ್ಪಿತು. ಸ್ಟ್ಯಾಂಡಿನಲ್ಲಿ ಒಬ್ಬ ರಿಕ್ಷಾದವನಿದ್ದಾನೆ, ಬಾಯಿ ಸುಮ್ಮನಿರುವುದಿಲ್ಲ. ಅವನು ಬಂದು ಕುಳಿತು, "ಅಜ್ಜಿ, ನನಗೂ ಒಂದು ಲೋಟ ಹುಳದ ಮಜ್ಜಿಗೆ ಕೊಡಿ. ಗ್ಯಾಸು ಜಾಸ್ತಿ" ಎಂದ.

"ನಿನ್ನ ಗ್ಯಾಸು ಹೊಟ್ಟೆಯದ್ದಲ್ಲ, ಬಾಯಿದು" ಎಂದರೂ ಕೊಟ್ಟೆ. ಆಮೇಲೆ ಕೇಳುವವರು ಹೆಚ್ಚಾದರು. ನನಗೂ ಸ್ವಲ್ಪ ಕೊಂಬು ಬಂದಿತ್ತು ಅಂತ ಇಟ್ಟುಕೊಳ್ಳಿ.

ಒಂದು ಬೆಳಗ್ಗೆ ಜೀಪು ಬರಲಿಲ್ಲ. ಹಳ್ಳಿಯ ಜನ ಸ್ಟ್ಯಾಂಡಿನಲ್ಲಿ ಕಾದು ಬೇರೆ ಜೀಪು ಹತ್ತಿದರು. ಗಂಜಿಯ ಹೊತ್ತು ಮುಗಿಯುವಾಗ ಅವನ ಹೆಂಡತಿ ಬಸ್ಸಿಳಿದು ನೇರ ನನ್ನ ಅಡಿಗೆ ಕೋಣೆಗೇ ಬಂದಳು. ಅಜ್ಜಿ ಎನ್ನುವುದಕ್ಕೆ ಅವಳದ್ದು ಮಲಯಾಳದ ಮಾತು.

"ಅಮ್ಮಚ್ಚಿ, ನೀವು ಅವರಿಗೆ ಎಂತ ಕೊಟ್ಟದ್ದು?"

"ಎಂತಾಯ್ತು ಮಗಳೇ?"

"ಮೂರು ದಿನದಿಂದ ರಕ್ತವೇ ಹೋಗುದು. ಎದ್ದು ನಿಲ್ಲಿಕ್ಕೆ ಆಗುದಿಲ್ಲ. ಅಜ್ಜಿಗೆ ಹೇಳ್ಬೇಡ, ಅವರಿಗೆ ಬೇಜಾರಾಗ್ತದೆ ಅಂತಾರೆ. ನಿಮಗೆ ಬೇಜಾರಾಗ್ಲಿ ಅಂತಲೇ ನಾನು ಬಂದದ್ದು."

ಹೊರಗೆ ರಿಕ್ಷಾದವನಿಗೆ ಕೇಳಿಸಿತು. "ಅಜ್ಜಿಯ ಮದ್ದು ರಿವರ್ಸ್ ಗೇರಿಗೆ ಬಿತ್ತು" ಎಂದ.

ನನ್ನ ಕೈಯಲ್ಲಿ ಸೌಟು ಹಾಗೆಯೇ ಇತ್ತು. ಇದೇ ಮೊಸರು ತಾನೇ? ಇದರಿಂದಲೇ ಗುಣವಾದದ್ದಲ್ಲವೇ? ಈಗ ಇದರಿಂದಲೇ ಹೆಚ್ಚಾಯಿತೇ? ಒಂದೇ ಪಾತ್ರೆ ಎರಡು ಕೆಲಸ ಹೇಗೆ ಮಾಡುತ್ತದೆ? ಒಂದು ಮಾತು ಹೊಳೆಯಿತು: ಉತ್ತರ ಗೊತ್ತಿಲ್ಲದಿದ್ದರೆ ಡಾಕ್ಟರಮ್ಮನಿಗೆ ಪಾತ್ರೆಯನ್ನೇ ತೋರಿಸಬೇಕು. ಸ್ಟೀಲಿನ ಡಬ್ಬಿಗೆ ಮೊಸರು ತುಂಬಿ, ಬಟ್ಟೆ ಕಟ್ಟಿ, ಒಲೆ ಆರಿಸಿ, ಬಾಗಿಲು ಹಾಕಿದೆ. ಅವನನ್ನು ಅವನ ತಮ್ಮ ಕಾರಿನಲ್ಲಿ ಪುತ್ತೂರಿಗೆ ಕರೆದುಕೊಂಡು ಹೋದ. ನಾನೂ ಅವನ ಹೆಂಡತಿಯೂ ಬಸ್ಸಿನಲ್ಲಿ ಹೋದೆವು. ಇಡೀ ದಾರಿ ಅವಳು ಕಿಟಕಿಯ ಕಡೆಗೇ ಮುಖ ಮಾಡಿದ್ದಳು. ಡಬ್ಬಿ ನನ್ನ ಮಡಿಲಲ್ಲಿತ್ತು.

ಡಾಕ್ಟರಮ್ಮ ಅವನ ಹೊಟ್ಟೆ ಒತ್ತಿ ನೋಡಿ, ರಕ್ತ ಪರೀಕ್ಷೆಗೆ ಬರೆದು, ಮಲ ಪರೀಕ್ಷೆಗೂ ಬರೆದರು. ಬೇರೆ ಸೋಂಕು ಸೇರಿಕೊಂಡಿದೆಯೋ ಎಂದು ಮೊದಲು ಅದನ್ನೇ ನೋಡಬೇಕಂತೆ. ಅಷ್ಟಾದಮೇಲೆ ನಾನು ಡಬ್ಬಿಯ ಮುಚ್ಚಳ ತೆಗೆದು ಅವರ ಮುಂದಿಟ್ಟೆ.

"ಇದು ಎಂತದು ಅಜ್ಜಿ?"

"ನೀವು ಕೊಟ್ಟ ಬ್ಯಾಕ್ಟೀರಿಯಾಗಳ ಮೊಮ್ಮಕ್ಕಳು."

ನಾನು ಮಾಡಿದ್ದನ್ನೆಲ್ಲ ಹೇಳಿದೆ. ಅವರು ಮೊದಲು ನಕ್ಕರು. ಮತ್ತೆ ನಗು ನಿಲ್ಲಿಸಿ ಡಬ್ಬಿಯನ್ನು ದೂರ ಸರಿಸಿದರು.

"ಕ್ಯಾಪ್ಸೂಲಿನಲ್ಲಿ ಯಾರ್ಯಾರಿದ್ದಾರೆ ಅಂತ ಪೆಟ್ಟಿಗೆ ಮೇಲೆ ಬರ್ದಿರ್ತದೆ. ನಿಮ್ಮ ಪಾತ್ರೆಯಲ್ಲಿ ಈಗ ಯಾರಿದ್ದಾರೆ ಅಂತ ನಿಮಗೆ ಗೊತ್ತುಂಟಾ?"

"ಮೊಸರು ಆಗಿದೆಯಲ್ಲ ಡಾಕ್ಟ್ರಮ್ಮ."

"ಮಾಡಿದ್ದು ಯಾರು? ಹಾಲಿನಲ್ಲಿ ಎಲ್ಲರೂ ಒಂದೇ ಹಾಗೆ ಬೆಳೆಯುದಿಲ್ಲ. ಬೇಗ ಬೆಳೆಯುವವರು ಜಾಗ ಹಿಡೀತಾರೆ, ಉಳಿದವರು ಹೋಗ್ತಾರೆ. ಅದರ ಮೇಲೆ ನಿಮ್ಮ ಹೆಪ್ಪು. ನಿಮ್ಮ ಸೌಟಿಂದ, ಗಾಳಿಯಿಂದ ಬಂದವರೂ ಇರಬಹುದು. ಒಳ್ಳೆಯವರೇ ಇರಬಹುದು, ಇಲ್ಲದೆಯೂ ಇರಬಹುದು. ಗಟ್ಟಿ ಹೊಟ್ಟೆಯವರಿಗೆ ಅದೊಂದು ದೊಡ್ಡ ವಿಷಯ ಅಲ್ಲ. ಇವರ ಕರುಳು ಒಳಗಿಂದ ಗಾಯ ಆಗಿ ಉಂಟು. ಈಗ ಕೊಡುವ ಸ್ಟಿರಾಯ್ಡು ಮೈಯ ಕಾವಲನ್ನೂ ತಗ್ಗಿಸ್ತದೆ. ಗುರುತಿಲ್ಲದವರನ್ನು ಈಗ ಒಳಗೆ ಬಿಡ್ಲಿಕ್ಕಾಗುದಿಲ್ಲ."

"ಹಾಗಾದ್ರೆ ಇದ್ರಿಂದಲೇ ಹೆಚ್ಚಾದದ್ದಾ?"

"ಹೇಳ್ಲಿಕ್ಕಾಗುದಿಲ್ಲ."

"ಮೊದ್ಲು ಗುಣ ಆದದ್ದು ಇದ್ರಿಂದಲಾ?"

"ಅದೂ ಹೇಳ್ಲಿಕ್ಕಾಗುದಿಲ್ಲ."

"ನೀವು ಕೊಟ್ಟ ಕ್ಯಾಪ್ಸೂಲಿಂದ?"

"ಅಜ್ಜಿ, ಅದು ಕೆಲವರಿಗೆ ಸ್ವಲ್ಪ ಸಹಾಯ ಮಾಡ್ತದೆ, ಕೆಲವರಿಗೆ ಎಂತ ವ್ಯತ್ಯಾಸವೂ ಕಾಣುದಿಲ್ಲ. ಒಬ್ಬೊಬ್ಬರ ಹೊಟ್ಟೆಯಲ್ಲಿ ಒಂದೊಂದು ಊರು ಉಂಟು. ಹೊಸಬರು ಹೋದ್ರೆ ಆ ಊರು ಸೇರಿಸಿಕೊಳ್ತದಾ, ಓಡಿಸ್ತದಾ ಅಂತ ಮೊದ್ಲೇ ಹೇಳ್ಲಿಕ್ಕೆ ನಮಗೂ ಬರುದಿಲ್ಲ."

"ಮತ್ತೆ ನಾನು ಇದನ್ನು ಕಡಬದಿಂದ ಮಡಿಲಲ್ಲಿಟ್ಕೊಂಡು ಬಂದದ್ದು ಎಂತಕ್ಕೆ?"

ಅವರು ಮಂಚದ ಮೇಲೆ ಮಲಗಿದ್ದ ಅವನ ಕಡೆ ತಿರುಗಿದರು. "ದೊಡ್ಡ ಮಾತ್ರೆ ಸರಿಯಾಗಿ ತಗೊಳ್ತಾ ಇದ್ರಾ?"

ಅವನು ಫ್ಯಾನು ನೋಡಿದ.

"ತಗೊಳ್ತಿದ್ರು ಡಾಕ್ಟ್ರೇ" ಎಂದಳು ಹೆಂಡತಿ. "ಖಾಲಿ ಶೀಟು ದಿನಾ ಮೇಜಿನ ಮೇಲೆ ಇಡ್ತಿದ್ರು."

"ನಾನು ಅವರನ್ನು ಕೇಳಿದ್ದು."

ಅವನು ಗೋಡೆಯ ಕಡೆ ತಿರುಗಿ ಹೇಳಿದ. "ಮಜ್ಜಿಗೆಯಲ್ಲೇ ಕಡಿಮೆ ಆಗಿತ್ತಲ್ಲ. ಮತ್ತೆ ಸುಮ್ಮನೆ ಯಾಕೆ ಅಂತ... ನಿಲ್ಲಿಸಿ ತಿಂಗಳ ಮೇಲಾಯ್ತು."

"ಮತ್ತೆ ಖಾಲಿ ಶೀಟು?" ಹೆಂಡತಿ ಕೇಳಿದಳು.

"ಮಾತ್ರೆ ಜೀಪಿನ ಟೂಲ್ ಬಾಕ್ಸಲ್ಲಿ ಉಂಟು."

"ಬೇರೆ ಎಂತಾದ್ರೂ ಮಾತ್ರೆ?" ಡಾಕ್ಟರಮ್ಮ ಬಿಡಲಿಲ್ಲ.

"ಸೊಂಟ ನೋವಿಗೆ. ರಸ್ತೆ ಹಾಗುಂಟಲ್ಲ. ಅಂಗಡಿಯಿಂದ ತಗೊಂಡು ನುಂಗ್ತಿದ್ದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ನೋವಿನ ಮಾತ್ರೆಗಳಲ್ಲಿ ಕೆಲವು ಈ ಕಾಯಿಲೆಯನ್ನು ಎಬ್ಬಿಸುತ್ತವಂತೆ. ಇದಕ್ಕಿಂತ ಮುಂಚೆಯೂ ಅವನಿಗೆ ಹೇಳಿದ್ದರಂತೆ. ಈಗ ಮೂರು ಆಯಿತು: ಬಿಟ್ಟ ಮಾತ್ರೆ, ನುಂಗಬಾರದ ಮಾತ್ರೆ, ನನ್ನ ಪಾತ್ರೆ. ಯಾವುದರದ್ದು ಎಷ್ಟು ಪಾಲು? ತಕ್ಕಡಿ ಯಾರ ಹತ್ತಿರವೂ ಇರಲಿಲ್ಲ. ನನಗೆ ಸಮಾಧಾನವೂ ಆಯಿತು, ಸಿಟ್ಟೂ ಬಂತು. ಆ ಸಮಾಧಾನ ಆದದ್ದಕ್ಕೆ ಇನ್ನೊಂದು ಸಿಟ್ಟು. ಅವನು ಮಾತ್ರೆ ಬಿಟ್ಟದ್ದು ನನ್ನ ಮಜ್ಜಿಗೆಯನ್ನು ನಂಬಿ ತಾನೇ?

ಅವನನ್ನು ಅಲ್ಲೇ ಆಸ್ಪತ್ರೆಗೆ ಸೇರಿಸಿ ರಕ್ತನಾಳಕ್ಕೆ ಸ್ಟಿರಾಯ್ಡು ಕೊಟ್ಟರು. ಮಲ ಪರೀಕ್ಷೆಯಲ್ಲಿ ಸೋಂಕು ಕಾಣಲಿಲ್ಲ. ಅದನ್ನು ಕೇಳಿದ ಮೇಲೂ ನನ್ನ ತಲೆ ತಿಳಿಯಾಗಲಿಲ್ಲ. ಕಾಣಲಿಲ್ಲ ಎಂದರೆ ಇಲ್ಲ ಎಂದೇ ಅರ್ಥವಾ ಎಂದು ಕೇಳಿದೆ, ಇರಲಿಕ್ಕಿಲ್ಲ ಎಂದರು. ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಅವನ ಹೆಂಡತಿ ನನಗೊಂದು ಚಾ ತಂದುಕೊಟ್ಟಳು. "ಅಮ್ಮಚ್ಚಿ, ನಾನು ಬೈದದ್ದು ಅರ್ಧ ವಾಪಸ್ಸು ತಗೊಳ್ತೇನೆ" ಎಂದಳು.

"ಉಳಿದರ್ಧ?"

"ಅದು ಇರ್ಲಿ."

ಕಡಬಕ್ಕೆ ಬಂದು ಆ ಪಾತ್ರೆಯ ಮೊಸರನ್ನು ತೆಂಗಿನ ಬುಡಕ್ಕೆ ಹೊಯ್ದೆ. ಪಾತ್ರೆ, ಸೌಟು ಕುದಿಸಿದೆ. ರಿಕ್ಷಾದವನೂ ಬೇರೆಯವರೂ ಕೇಳಿದಾಗ ಇಲ್ಲ ಎಂದೆ. "ಯಾಕಜ್ಜಿ, ನಮಗೆಂತ ಆಗ್ಲಿಲ್ಲಲ್ಲ?" ಎಂದರು. "ನನಗೆ ಗೊತ್ತಿಲ್ಲದ್ದನ್ನು ನಾನು ಬಡಿಸುದಿಲ್ಲ" ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ದಿನಾ ಹಾಕುವ ನನ್ನ ಹಳೆಯ ಹೆಪ್ಪಿನಲ್ಲಿ ಯಾರಿದ್ದಾರೆ ಎಂದು ನನಗೇನು ಗೊತ್ತು? ಹಳೆಯ ಗುರುತು, ಅಷ್ಟೆ. ಆ ಯೋಚನೆಯನ್ನು ಅಲ್ಲಿಗೇ ಮುಚ್ಚಳ ಹಾಕಿ ಇಟ್ಟಿದ್ದೇನೆ.

ಅವನು ಆಸ್ಪತ್ರೆಯಿಂದ ಬಂದಾಗ ಮುಖ ಉಬ್ಬಿತ್ತು, ಹಸಿವು ವಿಪರೀತ, ಸಿಟ್ಟು ಮೂಗಿನ ತುದಿಯಲ್ಲಿ. ಎಲ್ಲ ಸ್ಟಿರಾಯ್ಡಿನ ಪ್ರಭಾವ. ಧಣಿ ಬೇರೆ ಡ್ರೈವರನ್ನು ಹಾಕಿದ್ದರು; ಮಳೆಗಾಲ ಮುಗಿಯುವವರೆಗೆ ನೋಡುತ್ತೇನೆ, ಆಗಲೂ ಇವನಿಗೆ ಆಗದಿದ್ದರೆ ಆ ಹೊಸಬನನ್ನೇ ಕಾಯಂ ಮಾಡುತ್ತೇನೆ ಎಂದಿದ್ದರು. ಸ್ಟಿರಾಯ್ಡನ್ನು ಸ್ವಲ್ಪ ಸ್ವಲ್ಪವೇ ಇಳಿಸಿದರು. ಒಮ್ಮೆ ಇಳಿಸುವಾಗ ಪುನಃ ರಕ್ತ ಕಂಡಿತು. ಡಾಕ್ಟರಮ್ಮ ಹಿಂದಿನ ಲೆಕ್ಕಕ್ಕೆ ಏರಿಸಿ, ಇನ್ನೂ ನಿಧಾನ ಇಳಿಸಿದರು. ಆ ದಿನಗಳಲ್ಲಿ ಅವನಿಗೆ ಮೆತ್ತಗಿನ ಗಂಜಿ, ನಾರಿಲ್ಲದ ತರಕಾರಿ. ಮಜ್ಜಿಗೆ ಇಲ್ಲ. ಹೊಟ್ಟೆ ಹಿಡಿತಕ್ಕೆ ಬಂದಮೇಲೆ, ಒಗ್ಗಿದರೆ ಮಾಮೂಲಿ ತಾಜಾ ಮೊಸರು ಆಗಬಹುದು, ಮದ್ದು ಎಂದಲ್ಲ, ಊಟ ಎಂದು, ಅಂತ ಡಾಕ್ಟರಮ್ಮ ಒಪ್ಪಿದರು. ಕ್ಯಾಪ್ಸೂಲು ಬೇಕಾ ಬೇಡವಾ ಎಂದರೆ, ಸದ್ಯ ಬೇಡ, ಮುಂದೆ ನೋಡೋಣ ಎಂದರು.

ಹಾಗೆ ಮೊದಲ ಸಲ ಊಟಕ್ಕೆ ಕುಳಿತ ದಿನ ಅನ್ನ, ಸಾರು, ಸೌತೆಯ ಪಲ್ಯ ಬಡಿಸಿದೆ. ತಿಂದ. ಕೊನೆಗೆ ಒಂದು ಮುಷ್ಟಿ ಅನ್ನ ಹಾಕಿಸಿಕೊಂಡು ನಡುವೆ ಗುಳಿ ಮಾಡಿ ಕುಳಿತ. ನಮ್ಮಲ್ಲಿ ಮಜ್ಜಿಗೆ ಬೀಳದೆ ಊಟ ಮುಗಿಯುವುದಿಲ್ಲ. ಎಲೆ ಮಡಚುವುದಕ್ಕೂ ಇಲ್ಲ, ಏಳುವುದಕ್ಕೂ ಇಲ್ಲ.

"ಅಜ್ಜಿ, ಮಜ್ಜಿಗೆ?"

"ಮಾತ್ರೆ?"

"ಆಮೇಲೆ ತಗೊಳ್ತೇನೆ."

"ಆಮೇಲೆ ಮಜ್ಜಿಗೆ ಕೊಡ್ತೇನೆ."

"ಮಕ್ಕಳಿಗೆ ಮಾಡಿದ ಹಾಗೆ ಮಾಡ್ತೀರಲ್ಲ!"

"ಮಕ್ಕಳು ಟೂಲ್ ಬಾಕ್ಸಲ್ಲಿ ಅಡಗಿಸುದಿಲ್ಲ. ನೋಡು, ನನ್ನ ಮಜ್ಜಿಗೆಗೆ ನಿನ್ನನ್ನು ಗುಣ ಮಾಡ್ಲಿಕ್ಕೆ ಬರುದಿಲ್ಲ. ಬರ್ತಿತ್ತೋ ಎಂತದೋ, ಡಾಕ್ಟ್ರಮ್ಮನಿಗೂ ಗೊತ್ತಿಲ್ಲ. ಮಾತ್ರೆಯದ್ದು ಅವರಿಗೆ ಗೊತ್ತುಂಟು. ಗೊತ್ತಿರುದು ಮೊದಲು, ಗೊತ್ತಿಲ್ಲದ್ದು ಆಮೇಲೆ."

ಎದುರು ಕುಳಿತ ರಿಕ್ಷಾದವನು ಅವನನ್ನು ಮಲಯಾಳದಲ್ಲಿ ಅಣ್ಣ ಎಂದು ಕರೆದು, "ಚೇಟಾ, ಇದು ಟೋಲ್ ಗೇಟು. ಕಟ್ಟದೆ ಗಾಡಿ ಮುಂದೆ ಹೋಗುದಿಲ್ಲ" ಎಂದ.

ಅವನು ಕೈ ಅನ್ನದಲ್ಲೇ ಇಟ್ಟು ಬಹಳ ಹೊತ್ತು ಕುಳಿತ. ಕೈ ಒಣಗಿತು. ನಾನೂ ಮಜ್ಜಿಗೆಯ ಜಗ್ಗು ಹಿಡಿದು ಅಲ್ಲೇ ನಿಂತೆ. ನನಗೆ ಕಾಲು ನೋವು ಬೇರೆ. ಕಡೆಗೆ ಎಡಗೈಯಿಂದ ಜೇಬು ತಡಕಿ, ಮಾತ್ರೆ ತೆಗೆದು ನುಂಗಿದ. ನಾನು ಬಾಯಿ ತೆರೆಸಿ ನಾಲಗೆಯ ಕೆಳಗೂ ನೋಡಿ, ಮತ್ತೆ ಮಜ್ಜಿಗೆ ಹೊಯ್ದೆ. ಅಂದಿನಿಂದ ದಿನಾ ಅದೇ ಕ್ರಮ. ಮಧ್ಯಾಹ್ನದ ಮಾತ್ರೆಯ ಹೊಣೆ ನನ್ನದು, ರಾತ್ರಿಯದ್ದು ಅವನ ಹೆಂಡತಿಯದ್ದು.

ಮಳೆ ಬಿಟ್ಟಮೇಲೆ ಪುತ್ತೂರಿನಲ್ಲಿ ಪುನಃ ಕ್ಯಾಮೆರಾ ಹಾಕಿ ನೋಡಿದರು. ಹುಣ್ಣು ಬಹುಪಾಲು ಮಾಗಿತ್ತು. ಧಣಿ ಜೀಪಿನ ಕೀ ವಾಪಸು ಕೊಟ್ಟರು, ಆದರೆ ಒಂದು ಕಣ್ಣು ಇಟ್ಟೇ ಇದ್ದರು.

ಮೊನ್ನೆ ಘಟ್ಟದ ಬುಡದ ಹಳ್ಳಿಯಲ್ಲಿ ನನ್ನ ತಂಗಿಯ ಮೊಮ್ಮಗಳ ಸೀಮಂತ. ಅವನದೇ ಜೀಪಿನಲ್ಲಿ ಮುಂದಿನ ಸೀಟಿನಲ್ಲಿ ಕುಳಿತೆ. ಹಿಂದೆ ಜನ ತುಂಬಿದ್ದರು. ಹೊರಡುವ ಮೊದಲು ಎಳನೀರು ಕುಡಿದಿದ್ದೆ, ಅದರ ಮೇಲೆ ಒಂದು ಚಾ. ಅರ್ಧ ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. ಗುಂಡಿಗೆ ಬಿದ್ದಾಗಲೆಲ್ಲ ದೇವರ ಹೆಸರು ಹೇಳಿದೆ.

"ಎಂತ ಅಜ್ಜಿ, ಹೆದರಿಕೆಯಾ?"

"ಹೆದರಿಕೆ ಅಲ್ಲ ಮಾರಾಯ. ಅರ್ಜೆಂಟು."

ಅವನು ಎರಡು ತಿರುವು ದಾಟಿ ರಬ್ಬರ್ ತೋಟದ ಪಕ್ಕ ಒಂದು ಹಂಚಿನ ಮನೆಯ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದ. ಒಬ್ಬ ಹೆಂಗಸು ಕೈಯಲ್ಲಿ ಬಕೆಟು ಹಿಡಿದುಕೊಂಡೇ ಹೊರಗೆ ಬಂದಳು.

"ಎಷ್ಟು ಸಮಯ ಆಯ್ತು ಚೇಟಾ ನೀವು ಬಾರದೆ! ಜೀಪು ಬಿಟ್ರಿ ಅಂತ ನಾವು ಗ್ರಹಿಸಿದ್ದು. ಬನ್ನಿ ಬನ್ನಿ, ನೀರು ತುಂಬಿಸಿ ಉಂಟು."

"ನನಗಲ್ಲ ಅಕ್ಕ. ಇವತ್ತು ಅಜ್ಜಿಗೆ."

ನಾನು ಓಡಿದೆ. ಹಿತ್ತಿಲಿನ ಪಾಯಿಖಾನೆ ಚೊಕ್ಕಟವಾಗಿತ್ತು. ಆ ರಸ್ತೆಯ ಉದ್ದಕ್ಕೂ ಇಂಥ ಮನೆಗಳು ಅವನಿಗೆ ಎಷ್ಟಿದ್ದವೋ, ಯಾವ ಮನೆಯ ಬಾಗಿಲಲ್ಲಿ ಹೇಗೆ ನಾಚಿಕೆ ಬಿಟ್ಟು ಮೊದಲ ಸಲ ನಿಂತನೋ, ಅವನು ಯಾರಿಗೂ ಹೇಳಿರಲಿಲ್ಲ. ಹೊರಗೆ ಆ ಹೆಂಗಸು ಕೇಳುವುದು ಕೇಳಿಸಿತು.

"ಹಾಗಾದ್ರೆ ಗುಣ ಆಯ್ತಾ? ಯಾವ ಮದ್ದಲ್ಲಿ?"

ನಾನು ನಳ್ಳಿ ನಿಲ್ಲಿಸಿ ಕಿವಿ ಕೊಟ್ಟೆ.

"ಗುಣ ಅಂತ ಅಲ್ಲ ಅಕ್ಕ, ಮಲಗಿ ಉಂಟು. ಯಾವುದ್ರಲ್ಲಿ ಅಂತ ಸರಿ ಯಾರಿಗೂ ಗೊತ್ತಿಲ್ಲ. ಮಾತ್ರೆ ಮಾತ್ರ ನಾನು ಬಿಡುದಿಲ್ಲ."

ನಾನು ನಳ್ಳಿಯನ್ನು ಪುನಃ ತಿರುಗಿಸಿ, ಮುಖಕ್ಕೆ ಚೆನ್ನಾಗಿ ನೀರು ಹಾಕಿಕೊಂಡೆ.